ನಮ್ಮಿಬ್ಬರದೂ ಒಂದೇ ಗುಳಿಗೆ

ಆ ದಿನ ವಿಜಯಪುರದಲ್ಲಿ ಡಾಕ್ಟರ ಮುಂದೆ ನಾನು ಸುಳ್ಳು ಹೇಳಿದೆ, ನೀಲಾ. ಅವರು ಕೇಳಿದ್ದು ಇಷ್ಟೇ — ನಿಮ್ಮ ತವರುಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದಿತ್ತೇ, ಬಂದಿದ್ದರೆ ಅವರಿಗೆ ಯಾವ ಗುಳಿಗೆ ಹತ್ತಿ ಗುಣವಾಗಿತ್ತು. ನೀನು ನನ್ನ ಪಕ್ಕದಲ್ಲೇ ತಲೆ ಬಗ್ಗಿಸಿಕೊಂಡು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದೆ. "ಯಾರಿಗೂ ಇಲ್ರಿ" ಎಂದೆ ನಾನು. ಇತ್ತು. ನಿನ್ನ ಒಡಹುಟ್ಟಿದ ಅಕ್ಕನಿಗೇ, ನನಗೇ ಇತ್ತು. ನನಗೆ ಹತ್ತಿದ ಗುಳಿಗೆಯ ಸಣ್ಣ ಡಬ್ಬಿ ಆ ಹೊತ್ತಿನಲ್ಲಿ ನನ್ನ ಮಡಿಲ ಮೇಲಿನ ಬ್ಯಾಗಿನಲ್ಲೇ ಇತ್ತು.

ಹೆದರಿ ಹೇಳಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದೆ. ಹೆದರಿಕೆ ಇರಲಿಲ್ಲ ಅನ್ನುವುದಿಲ್ಲ. ಆದರೆ ನನ್ನ ಬಾಯಿ ಕಟ್ಟಿದ್ದು ಹೆದರಿಕೆಯಲ್ಲ — ಹೊಟ್ಟೆಕಿಚ್ಚು. ಬೇರೆ ಒಳ್ಳೆಯ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ.

ನಿನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ನಾನು ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವಾಗ ಒಮ್ಮೆ ನಿದ್ದೆ ಬಿಟ್ಟುಹೋಯಿತು. ಮಲಗಬೇಕು ಅಂತಲೇ ಅನಿಸುತ್ತಿರಲಿಲ್ಲ. ಮಾತು ನಿಲ್ಲುತ್ತಿರಲಿಲ್ಲ, ಟ್ರಂಕಿನಲ್ಲಿದ್ದ ಬಟ್ಟೆಯನ್ನೆಲ್ಲ ಹಂಚಿಬಿಟ್ಟೆ, ಕಾಲೇಜಿನ ಮಾಸ್ತರರಿಗೇ ಪಾಠ ಹೇಳಲು ಹೊರಟೆ. ಆಮೇಲೆ ಒಂದು ದಿನ ಎಲ್ಲ ಆರಿಹೋಗಿ, ಎದ್ದು ಬಾಯಿ ತೊಳೆಯಲೂ ಆಗದ ಹಾಗೆ ಬಿದ್ದುಕೊಂಡೆ. ಅಪ್ಪ ನನ್ನನ್ನು ಸಿಂದಗಿಯಲ್ಲಿ ತೋರಿಸಲಿಲ್ಲ, ವಿಜಯಪುರದಲ್ಲೂ ತೋರಿಸಲಿಲ್ಲ. ನಮ್ಮ ಮಂದಿ ಯಾರೂ ಕಣ್ಣಿಗೆ ಬೀಳದಿರಲೆಂದು ಸೋಲಾಪುರಕ್ಕೆ ಕರೆದುಕೊಂಡು ಹೋದ. ನೀನಾಗ ನಮ್ಮೂರು ಕನ್ನೊಳ್ಳಿಯ ಶಾಲೆಯಲ್ಲಿ ಓದುತ್ತಿದ್ದೆ. ಅಕ್ಕ ಹೊಲಿಗೆ ಕಲಿಯಲು ಹೋಗಿದ್ದಾಳೆ ಎಂದು ನಿನಗೂ ಸಣ್ಣ ತಮ್ಮನಿಗೂ ಹೇಳಿದ್ದರು.

ಒಂದು ಗುಳಿಗೆಗೆ ಮೈ ಕಟ್ಟಿಗೆಯಾಯಿತು. ಇನ್ನೊಂದಕ್ಕೆ ಊದಿಕೊಂಡೆ. ಮತ್ತೊಂದಕ್ಕೆ ದಿನವಿಡೀ ಜೊಲ್ಲು, ಕಣ್ಣಿಗೆ ಮಬ್ಬು. ಎರಡು ವರ್ಷ ಹೀಗೆ ಹುಡುಕಿ ಹುಡುಕಿ, ಕಡೆಗೆ ಲಿಥಿಯಂ ಎಂಬ ಗುಳಿಗೆ ಹತ್ತಿತು. ನಾನು ಮತ್ತೆ ನಾನಾದೆ. ಆದರೆ ಅದನ್ನು ಬಿಡುವ ಹಾಗಿಲ್ಲ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮದುವೆಯ ಮಾತು ಬಂದಾಗ ಅಪ್ಪ ಅದಕ್ಕೆ ಥೈರಾಯ್ಡ್ ಗುಳಿಗೆ ಎಂದು ಹೆಸರಿಟ್ಟ. ಆ ಹೆಸರಿನ ಮೇಲೆ ನಾನು ಹೊರ್ತಿಯ ಈ ಮನೆಗೆ ಸೊಸೆಯಾಗಿ ಬಂದೆ, ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿಗೂ ಸೇರಿದೆ. ನಮ್ಮವರಿಗೆ ಇಂದಿಗೂ ಅದು ಥೈರಾಯ್ಡ್ ಗುಳಿಗೆಯೇ.

ನಾಗರ ಪಂಚಮಿಗೆ ತವರಿಗೆ ಹೋದಾಗ ನಿನಗೆ ನೆನಪಿದೆಯೇ — ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯನ್ನು ಅವ್ವ ನನಗೆ ಹತ್ತಲು ಬಿಡುತ್ತಿರಲಿಲ್ಲ. ಮದುವೆಯಾದವಳಿಗೆ ಚೆಂದ ಕಾಣುವುದಿಲ್ಲ ಎಂದು ನೆಪ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಏನೋ ಮತ್ತೆ ಅಲುಗಾಡೀತು ಎಂದು ಆಕೆಗೆ ಜೀವಭಯ. ನಿನ್ನನ್ನು ಮಾತ್ರ ಕೈಸೋಲುವ ತನಕ ತೂಗುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಶೇಂಗಾ ಉಂಡಿ ತಿನ್ನುತ್ತ ನಿನ್ನ ನಗು ಕೇಳುತ್ತಿದ್ದೆ. ಒಂದೇ ಅಪ್ಪ, ಒಂದೇ ಅವ್ವ, ಒಂದೇ ರಕ್ತ. ಆ ಕಾಯಿಲೆ ಆರಿಸುವಾಗ ನನ್ನನ್ನೇ ಏಕೆ ಆರಿಸಿತು? ಅಂದು ಹತ್ತಿದ ಉರಿ ಆಮೇಲೆ ಆರಲೇ ಇಲ್ಲ.

ಆಮೇಲೆ ನೀನು ಇದೇ ಮನೆಗೆ, ನನ್ನ ಮೈದುನನ ಹೆಂಡತಿಯಾಗಿ ಬಂದೆ. ಅಕ್ಕ ತಂಗಿ ಒಂದೇ ಮನೆಯ ಸೊಸೆಯರಾದರೆಂದು ಊರೆಲ್ಲ ಹೊಗಳಿತು. ನಾನೂ ಸಕ್ಕರೆ ಹಂಚಿದೆ. ತಿಂಗಳು ತುಂಬುವುದರೊಳಗೆ ಅತ್ತೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ನಿನ್ನನ್ನೇ ಕರೆಯತೊಡಗಿದರು. ಲಿಂಬೆ ತೋಟದಲ್ಲಿ ಕಾಯಿ ಹರಿಯುವ ಹೆಣ್ಣುಮಕ್ಕಳು ನೀನು ಬುತ್ತಿ ತಂದರೇ ಕೂಡಿ ಕುಳಿತು ಉಣ್ಣುತ್ತಿದ್ದರು. ನಿನ್ನ ಸೋಬಾನೆ ಹಾಡಿಗೆ ಇಂಡಿಯಿಂದ, ಅಗರಖೇಡದಿಂದ ಕರೆ ಬರುತ್ತಿತ್ತು. ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ನುಂಗಲಾಗದೇ ಹೋದದ್ದು ನಿನ್ನ ನಿದ್ದೆ. ದಿಂಬಿಗೆ ತಲೆ ಕೊಟ್ಟರೆ ಸಾಕು, ನೀನು ಮಗುವಿನ ಹಾಗೆ ಮಲಗಿಬಿಡುತ್ತಿದ್ದೆ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿ, ಗುಳಿಗೆ ನುಂಗಿ, ನಿದ್ದೆ ಬಂದೀತೋ ಇಲ್ಲವೋ ಎಂದು ಕಾಯಬೇಕಿತ್ತು — ನಿದ್ದೆ ತಪ್ಪಿದರೆ ನನ್ನ ಬಾಳೇ ತಪ್ಪುತ್ತದೆ. ಈಗ ಹೇಳಿದರೆ ಹುಚ್ಚೆನಿಸುತ್ತದೆ, ನಿನ್ನ ಗೊರಕೆಗೂ ನನಗೆ ಹೊಟ್ಟೆಕಿಚ್ಚು.

ನಿನ್ನ ಮಗ ಮಲ್ಲು ಹೆಜ್ಜೆ ಇಡಲು ಕಲಿಯುತ್ತಿದ್ದಾಗ ನೀನು ಕುಸಿದೆ. ಮೊದಲು ಮಾತು ನಿಂತಿತು, ಆಮೇಲೆ ಊಟ, ಆಮೇಲೆ ನಿದ್ದೆ. ನೀನು ಅಂಗಳದ ಕಡೆ ನೋಡುತ್ತ ಕೂತಿದ್ದನ್ನು ಕಂಡ ಮೊದಲ ದಿನವೇ ನನಗೆ ಗೊತ್ತಾಯಿತು. ಆ ನೋಟ ನನ್ನದು, ನಾನು ಬಲ್ಲೆ. ಗೊತ್ತಾದಾಗ ಮೊದಲು ನನಗೆ ಅನಿಸಿದ್ದೇನು ಹೇಳಲೇ? ಅಯ್ಯೋ ಎಂದಲ್ಲ. ಅಂತೂ ಇವಳಿಗೂ ಬಂತು ಎಂದು. ಒಳಗೆ ಏನೋ ತಣ್ಣಗಾಯಿತು.

ಆ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು. ನನ್ನ ಗುಟ್ಟು ಬಲ್ಲವರು ಯಾರೂ ಉಳಿದಿರಲಿಲ್ಲ. ಅಕ್ಕ ಅಂತ, ಓದಿದವಳು ಅಂತ, ಡಾಕ್ಟರ ಬಳಿ ನಿನ್ನನ್ನು ಕರೆದುಕೊಂಡು ಹೋಗಲು ನನಗೇ ಹೇಳಿದರು. ಆ ಡಾಕ್ಟರು ಅವಸರದವರಲ್ಲ. ಕಾಯಿಲೆ ರಕ್ತದಲ್ಲಿ ಇಳಿದುಬಂದೇ ತೀರುತ್ತದೆ ಎಂದೇನಿಲ್ಲ, ಬರುವುದಕ್ಕೆ ಒಂದು ಹಾದಿ ಇರುತ್ತದೆ ಅಷ್ಟೇ ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ಯಾರಿಗಾದರೂ ತಲೆಗೇರುವ ಹುರುಪು ಬಂದಿದ್ದರೆ, ಬರೀ ದುಃಖ ಕಳೆಯುವ ಗುಳಿಗೆ ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು, ಅದರಿಂದ ಆ ಹುರುಪು ಕೆರಳಬಹುದು ಎಂದರು. ಆಮೇಲೆ ನನ್ನ ಮುಖ ನೋಡಿ ಅಂದರು, "ಒಡಹುಟ್ಟಿದವ್ರಿಗೆ ಹತ್ತಿದ ಗುಳಿಗಿ ಇವ್ರಿಗೂ ಹತ್ತಬಹುದ್ರಿ. ಖಾತ್ರಿ ಇಲ್ಲ, ಆದ್ರ ಎಲ್ಲಿಂದ ಚಾಲೂ ಮಾಡಬೇಕಂತ ನಮಗ ತಿಳೀತೈತಿ."

ಅಲ್ಲಿ, ಆ ಕುರ್ಚಿಯ ಮೇಲೆ ನನ್ನ ಮನಸ್ಸಿನಲ್ಲಿ ಓಡಿದ್ದು ಇದು — ನಾನು ಎರಡು ವರ್ಷ ಜೊಲ್ಲು ಸುರಿಸಿ, ಊದಿಕೊಂಡು, ಒಬ್ಬಳೇ ಹುಡುಕಿಕೊಂಡದ್ದು ಇವಳಿಗೆ ಒಂದೇ ದಿನಕ್ಕೆ ಸಿಗಬೇಕೇ? ಅತ್ತೆಯನ್ನು ತೆಗೆದುಕೊಂಡಳು, ಮನೆ ತೆಗೆದುಕೊಂಡಳು. ಆ ಗುಳಿಗೆಯೊಂದು ನನ್ನದಾಗಿತ್ತು. ಅದನ್ನೂ ಕೊಡಬೇಕೇ?

ಕೊಡಲಿಲ್ಲ.

ಅವರು ದುಃಖದ ಗುಳಿಗೆ ಬರೆದರು. ಅವರ ತಪ್ಪಲ್ಲ, ನಾನು ಹೇಳಿದ್ದರ ಮೇಲೆ ಬರೆದರು. ಕೆಲವೇ ವಾರಗಳಲ್ಲಿ ನೀನು ಎದ್ದೆ — ಎದ್ದವಳು ನಿಲ್ಲಲೇ ಇಲ್ಲ. ಬರಿಗಾಲಲ್ಲಿ ಹೆದ್ದಾರಿಗೆ ಹೋಗಿ ಲಾರಿಗಳನ್ನು ನಿಲ್ಲಿಸಿ ಹಾಡು ಹೇಳಿದೆ. ಹಿಡಿದು ತಂದರು. ಆಮೇಲೆ ಬೇರೆ ಡಾಕ್ಟರು, ಬೇರೆ ಗುಳಿಗೆ, ಸೂಜಿ. ನಿನ್ನ ಕೈ ನಡುಗಿ ರೊಟ್ಟಿ ಬಡಿಯುವುದು ನಿಂತಿತು. ಒಲೆಯ ಮುಂದೆ ನಾನು ಕುಳಿತೆ, ಮಲ್ಲು ನನ್ನ ಮಗ್ಗುಲಿಗೆ ಬಂದ. ಅತ್ತೆ ಬಂದವರ ಮುಂದೆಲ್ಲ ಹೇಳತೊಡಗಿದರು, "ಹಿರ್ಯಾಕಿ ಅದಾಳಂತ ಮನಿ ನಿಂತೈತಿ." ಆ ಮಾತು ಕೇಳಲು ನಾನು ಬೇಕೆಂದೇ ಪಡಸಾಲೆಯಲ್ಲಿ ಸುಳಿದಾಡುತ್ತಿದ್ದೆ. ಯಾವ ದಿನ ಬಾಯಿ ಬಿಟ್ಟಿದ್ದರೂ ಸಾಕಾಗುತ್ತಿತ್ತು. ಮೂರು ವರ್ಷ ಬಿಡಲಿಲ್ಲ.

ಕಡೆಗೆ ಇನ್ನೊಬ್ಬ ಡಾಕ್ಟರು ತಾವೇ ಯೋಚಿಸಿ ಲಿಥಿಯಂ ಶುರುಮಾಡಿದರು. ಅದು ನಿನಗೆ ಹತ್ತಿತು. ಬೇಸಿಗೆ ಕಳೆಯುವುದರೊಳಗೆ ನೀನು ಮತ್ತೆ ಒಲೆಯ ಮುಂದೆ ಕುಳಿತೆ. ಆದರೆ ಹಳೆಯ ಗುಳಿಗೆಗಳು ತುಟಿಗೆ ಕೊಟ್ಟ ಅದುರು ಹೋಗಲಿಲ್ಲ. ಇಂದಿಗೂ ನೀನು ಸುಮ್ಮನೆ ಕುಳಿತಾಗ ತುಟಿ ತಾನಾಗಿ ಅಲುಗುತ್ತದೆ, ನೀನು ಸೆರಗು ಅಡ್ಡ ಹಿಡಿಯುತ್ತೀ. ಹಾಡಿಗೆ ಯಾರೂ ಕರೆಯುವುದಿಲ್ಲ. ಒಮ್ಮೆ ನೀನು ಲಿಂಬೆಕಾಯಿ ಆರಿಸುತ್ತ ನನ್ನನ್ನು ಕೇಳಿದೆ, "ಅಕ್ಕಾ, ಈ ಗುಳಿಗಿ ಮೊದಲ ಸಿಕ್ಕಿದ್ರ ಮಲ್ಲೂನ ಸಣ್ಣತನ ನನಗ ಸಿಗತಿತ್ತೇನು?" ನಾನು ಹಣೆಬರಹ ಎಂದೆ. ನನ್ನ ತಪ್ಪನ್ನು ಹಣೆಬರಹದ ಮೇಲೆ ಎಷ್ಟು ಸುಲಭವಾಗಿ ಹಾಕಿಬಿಟ್ಟೆ ನೋಡು.

ಅಂದಿನಿಂದ ಈ ಮನೆಯಲ್ಲಿ ಒಂದೇ ಗುಳಿಗೆಯ ಎರಡು ಡಬ್ಬಿಗಳಿವೆ. ನಿನ್ನದು ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ. ನೀನು ಎಲ್ಲರೆದುರು ನುಂಗುತ್ತೀ, ಅತ್ತೆಯೇ ನೀರಿನ ತಂಬಿಗೆ ಕೊಡುತ್ತಾರೆ. ನನ್ನದು ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಹಿಂದೆ. ಆ ತಂಬಿಗೆಯ ನೀರಿಗೂ ನಾನು ಹೊಟ್ಟೆ ಉರಿದುಕೊಂಡಿದ್ದೇನೆ.

ಈ ವರ್ಷ ನನ್ನ ಮಗಳು ವಿದ್ಯಾ ಕಾಯಿಲೆ ಬಿದ್ದಳು. ಕಾಲೇಜಿನಿಂದ ಫೋನು ಬಂತು — ಹುಡುಗಿ ಮಲಗುತ್ತಿಲ್ಲ, ಮಾತು ನಿಲ್ಲಿಸುತ್ತಿಲ್ಲ. ನೀನು, ನಾನು ಇಬ್ಬರೂ ಹೋಗಿ ಆಕೆಯನ್ನು ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ನೀನು ತುಟಿಯ ಮೇಲಿನ ಸೆರಗು ತೆಗೆದು ಹೇಳಿಬಿಟ್ಟೆ, "ನಾ ಆಕಿ ಸಣ್ಣವ್ವ ಅದೇನ್ರಿ. ನನಗ ಇದ ಆಗಿತ್ತು, ಈ ಗುಳಿಗಿ ಹತ್ತೈತಿ. ಕೂಸು ನನ್ನಂಗ ತ್ರಾಸ ಪಡೋದು ಬ್ಯಾಡ್ರಿ." ನನ್ನ ಮಗಳಿಗಾಗಿ, ನಾನು ಕೇಳುವ ಮೊದಲೇ ನೀನು ನಿನ್ನದನ್ನು ಕೊಟ್ಟೆ. ಡಾಕ್ಟರು ನಿನ್ನನ್ನು ಮೆಚ್ಚಿಕೊಂಡರು. ತಾಯಿಗೆ ಏನಾದರೂ ಇತ್ತೇ ಎಂದು ನನ್ನ ಕಡೆ ತಿರುಗಿದಾಗ ನಾನು ಮತ್ತೊಮ್ಮೆ ತಲೆಯಾಡಿಸಿದೆ. ವಿದ್ಯಾ ಈಗ ನಿದ್ದೆ ಮಾಡುತ್ತಾಳೆ, ಪುಸ್ತಕ ಹಿಡಿಯುತ್ತಾಳೆ. ಅದು ನಿನ್ನ ಕೃಪೆ.

ಅದಕ್ಕೆ ಈ ಮನೆ ನಿನಗೆ ಕೊಟ್ಟದ್ದೇನು? ವಿದ್ಯಾ ಸಣ್ಣವಳಿದ್ದಾಗಿನಿಂದ ನಿನ್ನ ತಾಟಿನಲ್ಲೇ ಉಂಡು ಬೆಳೆದವಳು. ಅತ್ತೆ ಅದನ್ನೇ ಹಿಡಿದರು: "ಸಣ್ಣಾಕಿ ತಾಟಿನ್ಯಾಗ ಉಂಡು ಉಂಡು ಹುಡುಗಿಗಿ ಈ ರೋಗ ಹತ್ತೈತಿ." ಮರುದಿನದಿಂದ ನೀನು ನಿನ್ನ ತಾಟು ಬೇರೆ ಮಾಡಿಕೊಂಡೆ, ತಂಬಿಗೆ ಬೇರೆ ಮಾಡಿಕೊಂಡೆ, ಮೂಲೆಯಲ್ಲಿ ಕುಳಿತು ಉಣ್ಣತೊಡಗಿದೆ. ಈಗ ನಾಳೆಯ ಬಸ್ಸಿಗೆ ಕನ್ನೊಳ್ಳಿಗೆ, ತಮ್ಮನ ಮನೆಗೆ ಹೊರಟಿದ್ದೀ — ಇನ್ನು ಅಲ್ಲೇ ಇರಲು. ನಿನ್ನೆ ಸೀರೆ ಮಡಿಸುತ್ತ ಹೇಳಿದೆ, "ಅತ್ತಿ ಹೇಳೋದು ಖರೇ ಇರಬೇಕಕ್ಕಾ. ನಾ ದೂರ ಇದ್ರ ವಿದ್ಯಾಗ ಚಲೋ ಆಗ್ತೈತಿ."

ತಂದೆ ತಾಯಿಯಿಂದ ಮಕ್ಕಳಿಗೆ ಏನೇನು ಇಳಿಯುತ್ತದೆ ಎಂದು ಪ್ರತಿವರ್ಷ ಹತ್ತನೇ ಇಯತ್ತೆಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನು. ತಾಟಿನಿಂದ ಈ ಕಾಯಿಲೆ ಬರುವುದಿಲ್ಲ ಎಂದು ಅತ್ತೆಗೆ ಹೇಳಬೇಕಾದವಳೂ ನಾನೇ. ಹೇಳಲಿಲ್ಲ, ಏಕೆಂದರೆ ಮುಂದಿನ ಪ್ರಶ್ನೆ ನನಗೆ ಗೊತ್ತು — ಹಾಗಾದರೆ ಎಲ್ಲಿಂದ ಬಂತು? ನನ್ನಿಂದ ಬಂದಿರಬೇಕು, ನೀಲಾ. ಇಳಿದದ್ದಿದ್ದರೆ ಅದು ನನ್ನ ರಕ್ತದ ಹಾದಿಯಿಂದಲೇ ಮಗಳಿಗೆ ಇಳಿದಿದೆ. ನೀನು ಹೊರುತ್ತಿರುವುದು ನನ್ನದನ್ನು.

ಇಂದು ರವಿವಾರ, ಎಲ್ಲರೂ ಮನೆಯಲ್ಲಿದ್ದಾರೆ. ಬಚ್ಚಲಿನ ಡಬ್ಬಿ ಈಗ ನನ್ನ ಕೈಯಲ್ಲಿದೆ. ಊಟಕ್ಕೆ ಬಂದು ನಿನ್ನ ಮೂಲೆಯಲ್ಲಿ ಕೂತು, ನಿನ್ನ ತಾಟಿನಲ್ಲೇ ರೊಟ್ಟಿ ಮುರಿಯುತ್ತೇನೆ. ಆಮೇಲೆ ಡಬ್ಬಿಯನ್ನು ಎಲ್ಲರೆದುರು ಇಟ್ಟು ಹೇಳುತ್ತೇನೆ, "ಅತ್ತಿ, ಇದು ಥೈರಾಯ್ಡ್ ಗುಳಿಗಿ ಅಲ್ರಿ. ನೀಲಾನ ಗುಳಿಗೀನ ಇದು. ನನಗ ಆಕಿಗಿಂತ ಮೊದಲ ಬಂದಿತ್ತು." ವಿಜಯಪುರದ ಆ ಕುರ್ಚಿಯ ಮೇಲೆ ಏನು ಮಾಡಿದೆನೆಂಬುದನ್ನೂ ಹೇಳುತ್ತೇನೆ. ನೀನು, ಮಲ್ಲು, ವಿದ್ಯಾ ಕೇಳುವ ಹಾಗೆ.

ಕೇಳಿದ ಮೇಲೆ ನೀನು ತಾಟನ್ನು ನಿನ್ನ ಕಡೆ ಎಳೆದುಕೊಳ್ಳಬಹುದು. ಎಳೆದುಕೋ. ನನಗೆ ಹೆದರಿಕೆ ಇರುವುದು ಅದಕ್ಕಲ್ಲ. ನೀನು ಎಳೆದುಕೊಳ್ಳದೆ, ಎಂದಿನಂತೆ ಇನ್ನೊಂದು ರೊಟ್ಟಿ ಹಾಕಲೇನಕ್ಕಾ ಎಂದು ಕೇಳಿಬಿಡುತ್ತೀಯೋ ಎಂದು. ಕೇಳಿದರೆ, ನಿನ್ನ ಆ ಮನಸ್ಸಿಗೂ ನಾನು ಹೊಟ್ಟೆಕಿಚ್ಚುಪಡುತ್ತೇನೆ. ಅಂಥವಳೇ ನಾನು, ಇನ್ನು ಬದಲಾಗುತ್ತೇನೋ ಇಲ್ಲವೋ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನೀನು ತಾಟು ಇಡುತ್ತಿದ್ದೀ. ಬಂದೆ.