ರೇಖಾಳ ಹಲ್ಲಿಗೆ ನಾನಿಟ್ಟ ಚಿಟಿಕೆ

ರೇಖಾಗೆ ಮಶೇರಿಯ ಚಟ ಹಚ್ಚಿದವಳು ನಾನು. ಆಫೀಸಿನ ಗೆಳತಿಯಲ್ಲ, ಮಾದಾಪುರದ ಗಾಳಿಯೂ ಅಲ್ಲ — ನಾನು, ಅವಳ ವೈನಿ, ಅವಳ ಸ್ವಂತ ಅಣ್ಣನ ಹೆಂಡತಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದನ್ನು ಮುಚ್ಚಿಟ್ಟುಕೊಂಡು ನಗುನಗುತ್ತಾ ಬಾಳಿದ್ದೇನೆ.

ಮಶೇರಿ ಅಂದರೆ ತಂಬಾಕು. ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವುದು. ಸೊಲ್ಲಾಪುರದ ಗಡಿಗೆ ಹತ್ತಿದ ನನ್ನ ತವರಿನಲ್ಲಿ ಹೆಂಗಸರಿಗೆ ಬೆಳಗಾಗುವುದೇ ಅದರಿಂದ. ಆಮೇಲೆ ಮಧ್ಯಾಹ್ನ ಒಂದು ಸಲ, ಸಂಜೆ ಇನ್ನೊಂದು ಸಲ — ಯಾರ ಹಲ್ಲು ದಿನಕ್ಕೆ ಅಷ್ಟು ಸಲ ಹೊಲಸಾಗುತ್ತದೆ ಹೇಳಿ! ಗಂಡಸರು ಬೀಡಿ ಸೇದಿದರೆ ಚಟ, ನಾವು ಮಾಡುವುದು ಹಲ್ಲುಜ್ಜುವ ಕೆಲಸ. ಹಲ್ಲುಜ್ಜುವುದು ಚಟ ಹೇಗಾದೀತು? ಇದು ನಮ್ಮ ತಿಳಿವಳಿಕೆ. ನನಗೆ ಕಲಿಸಿದ ಚಿಗವ್ವ ಗಲ್ಲದೊಳಗೆ ಹುಣ್ಣಾಗಿ, ಕೊನೆಕೊನೆಗೆ ಗಂಜಿಯನ್ನೂ ನುಂಗಲಾರದೆ ಸತ್ತಳು. ನಾವು ಮಣ್ಣು ಮಾಡಿ ಬಂದೆವು, ಮರುದಿನ ಬೆಳಿಗ್ಗೆ ಎಂದಿನಂತೆ ತಿಕ್ಕಿದೆವು. ಯಾರಿಗೂ ಏನೂ ಹೊಳೆಯಲಿಲ್ಲ.

ಮದುವೆಯಾಗಿ ಹೈದರಾಬಾದಿಗೆ ಬಂದಾಗ ಈ ಸಂಗತಿ ಗಂಡನಿಗೆ ಗೊತ್ತಾಗದಂತೆ ನೋಡಿಕೊಂಡೆ. ನಮ್ಮವರಿಗೆ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ನೌಕರಿ. ಚಟ ಅಂದರೆ ಮೈಮೇಲೆ ಹಾವು ಬಿದ್ದವರಂತೆ ಹಾರುವ ಮನುಷ್ಯ. ಅವರು ಬಸ್ಸು ಹತ್ತಿದ ಮೇಲೆ ನಾನು ಹಂಚು ಒಲೆಗೇರಿಸುತ್ತಿದ್ದೆ. ತಾರ್ನಾಕದ ನಮ್ಮ ಮನೆಯ ಘಾಟಿಗೆ ಪಕ್ಕದ ಮನೆಯ ತೆಲುಗು ಅಕ್ಕ ಕೆಮ್ಮುತ್ತಾ ಬಂದು ಕೇಳಿದರೆ, "ಮೆಣಸಿನಕಾಯಿ ಹುರೀತಿದ್ದೆ" ಎನ್ನುತ್ತಿದ್ದೆ. ಇಷ್ಟು ಖಾರ ತಿನ್ನುವ ಜನ ಬದುಕಿರುವುದೇ ಹೆಚ್ಚು ಎಂದು ಆಕೆ ನಂಬಿಕೊಂಡಿದ್ದಳು.

ಹೈದರಾಬಾದ್ ಹುಚ್ಚು ಹಿಡಿದಂತೆ ಬೆಳೆಯುತ್ತಿದ್ದ ಕಾಲ ಅದು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ನನ್ನ ನಾದಿನಿ ರೇಖಾ ಕಂಪ್ಯೂಟರ್ ಕಲಿತು ಅಂಥದೊಂದು ಕಟ್ಟಡದಲ್ಲಿ ಕೆಲಸಕ್ಕೆ ಸೇರಿ, ನಮ್ಮ ಮನೆಯಲ್ಲೇ ಉಳಿದಳು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮನೆಯೊಳಗೂ ಓಡಾಡುವಳು. ನನಗೆ ಅವಳೆಂದರೆ ಪ್ರಾಣ. ಹೊಸ ಕೆಲಸ, ರಜೆ ಕೇಳುವಂತಿಲ್ಲ, ಅಂಥದರಲ್ಲಿ ಒಂದು ಬೆಳಿಗ್ಗೆ ದವಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಣ್ಣಲ್ಲಿ ನೀರು. ಮುಖಕ್ಕೆ ಹಚ್ಚುವ ಸ್ನೋದ ಹಳೆಯ ಡಬ್ಬಿಯಲ್ಲಿ ಮಶೇರಿ ತುಂಬಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ; ಅದನ್ನು ತೆಗೆದು, ನನ್ನ ಕೈಯಾರೆ ಒಂದು ಚಿಟಿಕೆ ಅವಳ ಹಲ್ಲಿನ ಬುಡಕ್ಕೆ ಒತ್ತಿದೆ.

"ಏನ್ರಿ ವೈನಿ ಇದು?"

"ಔಷಧ ಐತಿ. ಹಲ್ಲಿಗೆ ಭಾಳ ಛಲೋ."

ಅಷ್ಟೇ ಮಾತು. ನೋವು ಇಳಿಯಿತು, ತಲೆ ಜುಮ್ಮೆಂದಿತು, ಅವಳು ನಗುತ್ತಾ ಆಫೀಸಿನ ಗಾಡಿ ಹತ್ತಿದಳು. ಹಲ್ಲುನೋವು ಹೋದ ಮೇಲೂ ಕೇಳಿದಳು, ನಾನೂ ಕೊಟ್ಟೆ. ಹೇಳಿಬಿಡುತ್ತೇನೆ — ನನಗೆ ಖುಷಿಯೇ ಆಗಿತ್ತು. ಪರ ಊರಿನಲ್ಲಿ ನನಗೊಬ್ಬಳು ಜೊತೆಗಾತಿ ಸಿಕ್ಕಿದ್ದಳು. ಮುಂಜಾನೆ ಬಚ್ಚಲ ಬಾಗಿಲಲ್ಲಿ ಇಬ್ಬರೂ ಬಾಯಿ ಕಪ್ಪು ಮಾಡಿಕೊಂಡು, ಮಾತಾಡಲಾಗದೆ ಕೈಸನ್ನೆಯಲ್ಲೇ ಹರಟುತ್ತಿದ್ದೆವು. ಅವಳಿಗೂ ಒಂದು ಡಬ್ಬಿ ತುಂಬಿಕೊಟ್ಟೆ.

ಎರಡು ವರ್ಷದ ಮೇಲೆ ಮಿರ್ಚಿ ಭಜಿ ಕಚ್ಚಿದವಳೇ ಅವ್ವಾ ಎಂದು ಚೀರಿದಳು. ಅವಳಣ್ಣ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದರು. ಗಲ್ಲದ ಒಳಗೆ ಬಿಳಿ ಕಲೆ. ತಂಬಾಕು ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದರೆ, ಹುಡುಗಿ ನಿಜವಾಗಿಯೂ ಇಲ್ಲವೆಂದೇ ಹೇಳಿದ್ದಾಳೆ! ಹಲ್ಲು ಯಾವುದರಿಂದ ತಿಕ್ಕುತ್ತೀರಿ ಎಂದಾಗ ಚೀಲದಿಂದ ಡಬ್ಬಿ ತೆಗೆದು ತೋರಿಸಿದಳಂತೆ. ಪುಡಿಯಾದರೇನು, ಮದ್ದೆಂದರೇನು, ತಂಬಾಕು ತಂಬಾಕೇ. ಈಗಲೇ ಬಿಟ್ಟರೆ ಈ ಕಲೆ ಹೋದರೂ ಹೋದೀತು, ಬಿಡದಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದರು ಡಾಕ್ಟರು.

ಮನೆಗೆ ಬಂದವರೇ ನಮ್ಮವರು ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. "ಯಾರು ಕಲಿಸಿದ್ರು ಇದನ್ನ?"

ರೇಖಾ ನನ್ನ ಕಡೆ ನೋಡಿದಳು. ಒಂದೇ ಸಲ. "ಆಫೀಸಿನ್ಯಾಗ ಒಬ್ಬಾಕಿ ಗೆಳತಿ, ಅಣ್ಣಾ" ಎಂದಳು.

ನಾನು ಬೇಳೆ ತಿರುವುತ್ತಿದ್ದೆ. ತಿರುವುತ್ತಲೇ ಇದ್ದೆ. "ನಿಮ್ಮ ವೈನೀನ್ನ ನೋಡಿ ಕಲಿ. ಅಡಿಕಿ ಹೋಳು ಸುದ್ಧಾ ಮುಟ್ಟಂಗಿಲ್ಲ ಆಕಿ" ಎಂದು ಅವರು ಕೂಗಾಡಿದಾಗ — ಆಗಲಾದರೂ ಸೌಟು ಕೆಳಗಿಡಬಹುದಿತ್ತು. ಇಡಲಿಲ್ಲ. ಅದೇ ತಿಂಗಳು ಆಫೀಸಿನವರು ಅವಳನ್ನು ದೊಡ್ಡ ಕೆಲಸಕ್ಕೆಂದು ಪುಣೆಗೆ ಆರಿಸಿದ್ದರು. ಮನೆಯಲ್ಲಿದ್ದೇ ಹೀಗಾದವಳು ಒಬ್ಬಳೇ ಹೋದರೆ ಏನಾದಾಳು ಎಂದು ಇವರು ಬೇಡವೆಂದುಬಿಟ್ಟರು. ಬೇರೆ ಹುಡುಗಿ ಹೋದಳು, ಬೇಗ ಬೇಗ ಮೇಲೇರಿದಳು. ರೇಖಾ ಎರಡು ದಿನ ಅತ್ತಳು, ನನ್ನ ಹೆಸರು ಮಾತ್ರ ಹೇಳಲಿಲ್ಲ.

ಮುಂದಿನದು ಕೇಳಿದರೆ ನೀವು ನನಗೆ ಉಗಿಯುತ್ತೀರಿ. ಡಬ್ಬಿಯನ್ನು ನಮ್ಮವರು ನನ್ನ ಕೈಗೇ ಕೊಟ್ಟು "ಒಗದ್ ಬಾ" ಎಂದರು, ರೇಖಾಳನ್ನು ಕಾಯುವ ಕೆಲಸವನ್ನೂ ನನಗೇ ವಹಿಸಿದರು! ಡಬ್ಬಿ ನಾನು ಒಗೆಯಲಿಲ್ಲ. ಅವಳನ್ನು ಕಾಯುತ್ತಾ ಕಾಯುತ್ತಾ, ಕದ್ದು ಅದನ್ನು ಖಾಲಿ ಮಾಡಿದೆ.

ಸಿಕ್ಕಿಬಿದ್ದದ್ದು ರೇಖಾಳ ಕೈಗೆ. ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ಕೈ ಹಿಡಿದು, "ನೀವೂ ಬಿಡ್ರಿ ವೈನಿ. ನಿಮ್ಮ ಚಿಗವ್ವನ ಗತಿ ನಿಮಗ ಆಗೂದು ಬ್ಯಾಡ" ಎಂದಳು. ಚಿಗವ್ವ ಸತ್ತ ಕಥೆಯನ್ನು ಅವಳಿಗೆ ಹೇಳಿದವಳೇ ನಾನು, ಆದರೆ ಆ ಹುಣ್ಣು ಏನೆಂದು ನನಗೆ ಹೊಳೆದದ್ದು ಆ ಗಳಿಗೆಯಲ್ಲಿ.

ಇಬ್ಬರೂ ಕೂಡಿ ಬಿಟ್ಟೆವು. ಆಹಾ, ಆ ದಿನಗಳು! ತಲೆ ಸಿಡಿಯುವುದು, ಸುಮ್ಮಸುಮ್ಮನೆ ಸಿಟ್ಟು. ಚಹಾಕ್ಕೆ ಉಪ್ಪು ಹಾಕಿದೆ, ಹಾಲಿನವನ ಜೊತೆ ಜಗಳ ತೆಗೆದೆ. ಬಾಯಿ ಚುಟುಚುಟು ಎಂದಾಗ ಲವಂಗ, ಪುಠಾಣಿ, ಸೋಂಪು. ಎರಡು ಸಲ ಸೋತು ಮತ್ತೆ ಶುರು ಮಾಡಿದೆ. ಪ್ರತಿ ಭಾನುವಾರ ಕಿಟಕಿಯ ಬೆಳಕಿಗೆ ನಿಂತು, ಬ್ಯಾಟರಿ ಹಿಡಿದು, "ಬಾಯಿ ತೆಗಿರಿ ವೈನಿ", "ನೀ ತೆಗಿ ಮೊದಲ" ಎಂದು ಒಬ್ಬರ ಗಲ್ಲ ಒಬ್ಬರು ತಪಾಸಣೆ ಮಾಡುತ್ತಿದ್ದೆವು. ಅವಳ ಬಿಳಿ ಕಲೆ ನಿಧಾನಕ್ಕೆ ಹೋಯಿತು. ನನ್ನ ವಸಡು ಆಗಲೇ ಸವೆದಿತ್ತು, ಕೆಳಗಿನ ಹಲ್ಲುಗಳು ಒಂದೊಂದೇ ಅಲುಗಾಡಿ ಬಿದ್ದವು. ಈಗಿರುವುದು ಕಟ್ಟಿಸಿದ ಹಲ್ಲು. ಆದರೆ ನಾಲಿಗೆಗೆ ರುಚಿ ತಿರುಗಿ ಬಂತು. ಕೊತ್ತಂಬರಿಗೆ ಅಷ್ಟು ಘಮ ಇದೆಯೆಂದು ನನಗೆ ಮರೆತೇ ಹೋಗಿತ್ತು.

ರೇಖಾ ಮದುವೆಯಾಗಿ ಪಕ್ಕದ ಬೀದಿಗೇ ಹೋದಳು. ಅವಳ ಮಗಳು ಸ್ನೇಹಾ ಬೆಳೆದು ನೌಕರಿಯನ್ನೂ ಹಿಡಿದಳು. ಕಳೆದ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು — ರೊಟ್ಟಿ, ಎಣ್ಣೆಗಾಯಿ, ಮಿರ್ಚಿ ಭಜಿ. ಸ್ನೇಹಾ ಸಿಹಿ ಸುದ್ದಿ ಹೇಳಿದಳು: ಆಫೀಸಿನವರು ಅವಳನ್ನು ಪುಣೆಗೆ ಕಳಿಸುತ್ತಿದ್ದಾರೆ.

ನಮ್ಮವರ ಕೈ ತಾಟಿನಲ್ಲೇ ನಿಂತಿತು. "ಪುಣೆ ಯಾಕ? ಇಲ್ಲೇ ಕೇಳ್ಕೊ. ಆಫೀಸಿನ ಗೆಳತ್ಯಾರು ನಿಮ್ಮವ್ವಗ ಏನ್ ಕಲಿಸಿದ್ರು, ಕೇಳು ಆಕಿನ್ನ."

ರೇಖಾ ತಲೆ ತಗ್ಗಿಸಿದಳು, ಐವತ್ತರ ಹತ್ತಿರದ ಹೆಂಗಸು. ಸ್ನೇಹಾಳ ಮುಖ ಸಣ್ಣದಾಯಿತು. ನನ್ನ ಸುಳ್ಳು ಇನ್ನೊಬ್ಬಳನ್ನು ನುಂಗಲು ಹೊರಟಿತ್ತು.

"ಕಲಿಸಿದಾಕಿ ನಾನರೀ" ಎಂದೆ.

"ವೈನಿ, ಈಗ್ಯಾಕ..." ಎಂದಳು ರೇಖಾ. ನಾನು ನಿಲ್ಲಿಸಲಿಲ್ಲ. ಸ್ನೋ ಡಬ್ಬಿ, ದವಡೆ ನೋವು, ಹಂಚು, ಬೇಳೆ ತಿರುವುತ್ತಾ ನಿಂತದ್ದು, ಪುಣೆ — ಎಲ್ಲವನ್ನೂ ಹೇಳಿದೆ. ನಮ್ಮವರು ತಾಟು ಪಕ್ಕಕ್ಕೆ ಸರಿಸಿದರು. ಆಮೇಲೆ ಕೇಳಿದರು, "ಮತ್ತ ನಾ ಒಗಿ ಅಂತ ಕೊಟ್ಟ ಡಬ್ಬಿ?"

"ನಾನ ಖಾಲಿ ಮಾಡಿದ್ನಿರಿ."

ಸ್ನೇಹಾ ಭಜಿ ಗಂಟಲಿಗೆ ಹತ್ತಿಸಿಕೊಂಡು ನಕ್ಕಳು, ರೇಖಾ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ನಮ್ಮವರು ನಗಲಿಲ್ಲ. ಎದ್ದು ಕೈ ತೊಳೆದು ಬಂದು ತಂಗಿಯ ಮುಂದೆ ನಿಂತರು. "ಅವತ್ತ ನಿನ್ನ ಕಳಿಸಬೇಕಿತ್ತವಾ" ಎಂದರು. ಸ್ನೇಹಾಳನ್ನು ಗಾಡಿ ಹತ್ತಿಸಲು ತಾವೇ ಬರುವುದಾಗಿ ಹೇಳಿದರು. ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಅದು ಕಡಿಮೆಯೇ ಆಯಿತು.

ಇವತ್ತು ಸ್ನೇಹಾಳ ಬಟ್ಟೆಬರೆ ಕಟ್ಟಿದೆವು. ರೇಖಾ ಹಾಡು ಗುನುಗುತ್ತಾ ಮಗಳ ಅಂಗಿ ಮಡಚುತ್ತಿದ್ದಳು, ಒಂದನ್ನೇ ಮತ್ತೆ ಮತ್ತೆ. ಸ್ನೇಹಾ ಕೇಳಿದಳು, "ಅತ್ತಿ, ಪುಣೆ ಹ್ಯಾಂಗ ಐತಿ?"

"ನಾ ನೋಡಿಲ್ಲವಾ" ಎಂದೆ. "ನಿಮ್ಮವ್ವನೂ ನೋಡಿಲ್ಲ, ನನ್ನಿಂದ. ಹೋದ ಕೂಡಲೆ ಆಕಿನ್ನ ಕರಿಸ್ಕೊ."