ಹಾಲ್ ತುಂಬ ಸೊಪ್ಪು, ಪಕ್ಕದಲ್ಲೇ ಮಗನ ಮಂಚ

ಗೆಳೆಯರೇ, ನನಗಂತೂ ತಲೆ ಓಡ್ತಿಲ್ಲ, ನೀವೇ ಹೇಳಿ. ಪಿಯುಸಿ ಓದೋ ನನ್ನ ಮಗ ಸಿಗರೇಟು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಗ್ರೇಡಿಂಗ್‌ಗೆ ಕರೆದೆ. ನಾವೇ ಬೆಳೆದು ಬ್ಯಾರನ್ ಗೂಡಿನ ಬಿಸಿಗೆ ಬೇಯಿಸಿದ ತಂಬಾಕು ಸೊಪ್ಪನ್ನ ಬಣ್ಣ ನೋಡಿ, ಮೂಸಿ ವಿಂಗಡಿಸೋದ್ರಲ್ಲಿ ನಮ್ಮನೇಲಿ ಅವನೇ ಗಟ್ಟಿಗ.

"ಬರಾಕಿಲ್ಲ ಕಣಪ್ಪ. ಮೂಸುದ್ರೆ ಸೇದ್ಬೇಕು ಅನ್ಸುತ್ತೆ" ಅಂದ.

ಸೋಮಾರಿತನವೋ ನಿಜವೋ ಗೊತ್ತಾಗಲಿಲ್ಲ. ಅವನಿಗೆ ಬುದ್ಧಿ ಹೇಳಿದ್ದ ಆಸ್ಪತ್ರೆ ಮೇಡಂಗೆ ಫೋನ್ ಮಾಡಿದೆ. ಅವರು ಈ ಕಡೆಗೆ ಹೊಸಬರು.

"ಅವನು ಹೇಳೋದು ನಿಜ. ಮೊದಲು ಮನೇಲಿರೋ ತಂಬಾಕನ್ನೆಲ್ಲ ಆಚೆ ಹಾಕಿ. ಅವನ ಕಣ್ಣಿಗೇ ಬೀಳಬಾರದು" ಅಂದ್ರು.

ಸುತ್ತ ನೋಡಿದೆ. ಹರಾಜಿಗೆ ಕಾಯ್ತಿರೋ ಸೊಪ್ಪಿನ ಬೇಲ್ ಮೂಟೆಗಳು ಹಾಲ್‌ನಲ್ಲಿ ಸೂರು ಮುಟ್ಟಿವೆ. ಅವುಗಳ ಪಕ್ಕದಲ್ಲೇ ಮಗನ ಮಂಚ.

"ಆಚೆ ಹಾಕಿದ್ರೆ ಮಂಜಿಗೆ ಬೂಷ್ಟು ಹಿಡಿಯುತ್ತಲ್ಲ ಮೇಡಂ" ಅಂದೆ.

ಅವರು "ಎಷ್ಟು ಪ್ಯಾಕೆಟ್ ಇದೆ ನಿಮ್ಮನೇಲಿ?" ಅಂತ ಕೇಳಿದ್ರು.

ಕೊನೆಗೆ ಹೆಂಡತಿ ಹೇಳಿದ ಹಾಗೆ, ಮಿರ್ಲೆಯಲ್ಲಿ ಭತ್ತ ಬೆಳೆಯೋ ನನ್ನ ತಂಗಿ ಮನೆಗೆ ಅವನನ್ನ ಬಸ್ ಹತ್ತಿಸಿ ಈಗ ಬಂದೆ. ಮೇಡಂ ಆಚೆ ಹಾಕಿ ಅಂದಿದ್ದು ಸೊಪ್ಪನ್ನ. ಸೊಪ್ಪು ಒಳಗೆ ಬೆಚ್ಚಗಿದೆ, ಆಚೆ ಹೋದೋನು ಮಗ.