ವರದಿಯ ಕಡೆಯ ಸಾಲು

ಅವರ ಬಿಳಿ ನಿಲುವಂಗಿಯ ಕೆಳ ಅಂಚಿನಲ್ಲಿ ಯಾವಾಗಲೂ ಎರಡು ಮೂರು ರಕ್ತದ ಚುಕ್ಕೆಗಳು ಇರುತ್ತಿದ್ದವು. ಜಿಗಣೆ ಕಚ್ಚಿದ್ದು. ಪಾಲಿಬೆಟ್ಟದ ಕಾಫಿ ತೋಟಗಳಲ್ಲಿ ಕೂಲಿಯವರ ಲೈನು ಮನೆಗಳಿಗೆಲ್ಲ ನಡೆದೇ ಹೋಗುತ್ತಿದ್ದ ಪಾದ್ರಿ ಅವರು. “ಕಾಲಿಗೆ ಸುಣ್ಣ ಹಚ್ಕೊಳ್ಳಿ ಫಾದರ್” ಎಂದರೆ, “ಹಚ್ಚೋಣ, ಹಚ್ಚೋಣ” ಎಂದು ನಗುತ್ತಿದ್ದರು. ಹಚ್ಚಿದ್ದನ್ನು ನಾನಂತೂ ಕಾಣೆ.

ನಾನು ಪಂಚಾಯಿತಿ ಗುಮಾಸ್ತ, ಅದೂ ಹಂಗಾಮಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಕಚೇರಿ ಕಾಗದದ ತಲೆಬರಹ ಬದಲಾಗಿತ್ತು, ಕುರ್ಚಿಯಲ್ಲಿ ಕೂತವರು ಬದಲಾಗಿರಲಿಲ್ಲ. ನಮ್ಮ ಅಧ್ಯಕ್ಷರು ದೊಡ್ಡದೊಂದು ಎಸ್ಟೇಟಿನ ಧಣಿ.

ಆ ವರ್ಷ ಹಣ್ಣು ಕೊಯ್ಯುವಾಗ ಒಬ್ಬ ಹೆಂಗಸು ತನ್ನ ಕೂಸನ್ನು ಕಾಫಿ ಗಿಡದ ಬುಡದಲ್ಲಿ ಮಲಗಿಸಿದ್ದಳು. ಎಲ್ಲರೂ ಹಾಗೇ ಮಲಗಿಸುತ್ತಿದ್ದರು, ಬೇರೆ ಜಾಗವೆಲ್ಲಿತ್ತು? ಚಗಳಿ ಇರುವೆ ಮುತ್ತಿ ಕೂಸಿನ ಮುಖ ಬಾತುಹೋಯಿತು. ಭಾನುವಾರ ಪಾದ್ರಿಗಳು ಇಗರ್ಜಿಯಲ್ಲಿ ಇದನ್ನೇ ಎತ್ತಿಕೊಂಡರು. ಕೂಸುಗಳಿಗೆ ಒಂದು ಕೋಣೆ ಕಟ್ಟಿಕೊಡಿ ಎಂದು ಧಣಿಗಳನ್ನು ಕೇಳಿ, ಕಾನೂನಿನಲ್ಲೇ ಇದೆ ಎಂದರು.

ಅಧ್ಯಕ್ಷರು ಕಿಡಿಕಿಡಿಯಾದರು. “ಪ್ರಾರ್ಥನೆ ಮಾಡ್ತಾರೇಂತ ಅಲ್ವಾ ಆ ಕಟ್ಟಡಕ್ಕೆ ತೆರಿಗೆ ಬಿಟ್ಟಿರೋದು? ಭಾಷಣ ಮಾಡೋದಾದ್ರೆ ತೆರಿಗೆ ಕಟ್ಲಿ. ಹೋಗಿ ಕೂತು ಬರ್ಕೊಂಡು ಬಾ.”

ಹೋದೆ. ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕೂತೆ. ಉಪದೇಶ ಕೂಲಿಯವರ ತಮಿಳಿನಲ್ಲಿ, ನನಗೆ ಅರ್ಧಕ್ಕರ್ಧ ತಿಳಿಯದು. ಪೆನ್ನು ಹಿಡಿದು ಒದ್ದಾಡುತ್ತಿದ್ದುದನ್ನು ಪಾದ್ರಿಗಳು ಕಂಡರು. ಮಾತು ನಿಲ್ಲಿಸಿ, “ಗುಮಾಸ್ತರೇ, ಕನ್ನಡದಲ್ಲೂ ಹೇಳ್ತೀನಿ, ನಿಧಾನಕ್ಕೆ ಬರ್ಕೊಳ್ಳಿ” ಎಂದರು. ಒಂದೊಂದು ಮಾತನ್ನೂ ಎರಡು ಸಲ ಹೇಳಿದರು. ಜನ ನನ್ನ ಕಡೆ ತಿರುಗಿ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ವರದಿ ಓದಿದ ಅಧ್ಯಕ್ಷರಿಗೆ ಸಮಾಧಾನವಾಗಲಿಲ್ಲ. “ಇಂಥ ಪಕ್ಷಕ್ಕೇ ಓಟು ಹಾಕಿ ಅಂದ್ರು ಅಂತ ಕಡೇಲಿ ಸೇರಿಸು” ಎಂದರು. ಪಾದ್ರಿಗಳು ಹಾಗೆ ಅಂದಿರಲಿಲ್ಲ. ನನ್ನ ಕೆಲಸ ಕಾಯಂ ಆಗಬೇಕಿತ್ತು. ಸೇರಿಸಿದೆ.

ಇಗರ್ಜಿಯ ತೆರಿಗೆ ವಿನಾಯಿತಿ ರದ್ದಾಯಿತು. ನೋಟೀಸು, ವರದಿಯ ನಕಲು ಎರಡನ್ನೂ ಕೊಟ್ಟು ಬರಲು ನನ್ನನ್ನೇ ಕಳಿಸಿದರು. ಪಾದ್ರಿಗಳು ನಿಂತೇ ಓದಿದರು.

“ಅಕ್ಷರ ಚೆನ್ನಾಗಿದೆ. ಎಲ್ಲಾ ಸರಿಯಾಗೇ ಬರೆದಿದ್ದೀರಿ. ಕಡೆಯ ಸಾಲು ಮಾತ್ರ ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಅಲ್ವಾ?”

ಅವರು ಒಳಗೆ ಹೋಗಿ ಬೆಲ್ಲದ ಕಾಫಿ ತಂದುಕೊಟ್ಟರು. “ಸುಮ್ಮನಿದ್ರೆ ಮಾಫಿ, ಮಾತಾಡಿದ್ರೆ ತೆರಿಗೆ. ಆಗ್ಲಿ ಬಿಡಿ, ಕಟ್ಟೋಣ” ಎಂದರು.

ಇಗರ್ಜಿ ಹಿತ್ತಲಿನ ಮೆಣಸು ಮಾರಿ ವರ್ಷವರ್ಷವೂ ಕಟ್ಟಿದರು. ಕೂಸುಗಳ ಮಾತನ್ನು ಒಂದು ಭಾನುವಾರವೂ ಬಿಡಲಿಲ್ಲ. ನಾನು ಮಾಡಿದ್ದನ್ನು ಮಾತ್ರ ಅವರು ಯಾರ ಬಳಿಯೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ನಾಲ್ಕನೇ ವರ್ಷ ಅಧ್ಯಕ್ಷರ ಎಸ್ಟೇಟಿನಲ್ಲೇ ತಗಡಿನ ಮಾಡಿನ ಕೋಣೆಯೊಂದು ಎದ್ದಿತು. ಒಳಗೆ ಸಾಲಾಗಿ ತೊಟ್ಟಿಲು, ನೋಡಿಕೊಳ್ಳಲು ಒಬ್ಬಳು ಆಯಾ.

ಪಾದ್ರಿಗಳು ಹಾಸಿಗೆ ಹಿಡಿದಿದ್ದಾರೆಂದು ಕೇಳಿದ ಮೇಲೆ ನಾನು ಒಂದು ಕಾಗದ ಬರೆದು ಪಂಚಾಯಿತಿ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಓದಿದೆ: ವರದಿಯ ಕಡೆಯ ಸಾಲು ಸುಳ್ಳು, ಅದನ್ನು ಬರೆದವನು ನಾನು. ಅಧ್ಯಕ್ಷರು “ಕೂತ್ಕೊಳೋ” ಎಂದರು. ಕೂರಲಿಲ್ಲ. ಸದಸ್ಯರು ವಿನಾಯಿತಿಯನ್ನು ಮರಳಿ ಕೊಟ್ಟರು, ನನ್ನ ಕೆಲಸ ಹೋಯಿತು.

ಕಾಗದದ ನಕಲು ಹಿಡಿದು ಪಾದ್ರಿಗಳ ಬಳಿಗೆ ಹೋದೆ. ಅವರು ತೀರಿಕೊಳ್ಳಲು ಆಗ ಹತ್ತು ದಿನವೂ ಇರಲಿಲ್ಲ. ಕಣ್ಣಿಗೆ ಹತ್ತಿರ ಹಿಡಿದು ಕೊನೆಯವರೆಗೂ ಓದಿದರು. ವಿನಾಯಿತಿಯ ಸುದ್ದಿ ಎತ್ತಲೇ ಇಲ್ಲ.

“ಈ ಸಲ ಕಡೆಯ ಸಾಲೂ ನಿಮ್ಮದೇ” ಎಂದು ನನ್ನ ಕೈ ಹಿಡಿದುಕೊಂಡರು.